ಹಬ್ಬ ವಾಸಿ ಮಾಡಬಾರದು: ಕ್ರಿಸ್‌ಮಸ್ ಹೊತ್ತಿನ ಅಗಲಿಕೆಯ ಕಥೆಗಳನ್ನು ತಿದ್ದುವಾಗ

ಕ್ರಿಸ್‌ಮಸ್ ಹಿನ್ನೆಲೆಯಲ್ಲಿ ಸಾವಿನ ದುಃಖ ಹೇಳುವ ಕಥೆ ಕೆಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ. ಪಾತ್ರ ಮಾಡಬೇಕಾದ ಕೆಲಸವನ್ನು ಹಬ್ಬ ಮಾಡಿಬಿಡುತ್ತದೆ. ನಡುರಾತ್ರಿ ಗಂಟೆ ಹೊಡೆಯುತ್ತದೆ, ದೀಪ ಹತ್ತುತ್ತದೆ, ದೂರದಲ್ಲಿ ಹಾಡು ಕೇಳುತ್ತದೆ, ನಾಲ್ಕು ಪುಟ ಅತ್ತವಳು ಐದನೆಯ ಪುಟದಲ್ಲಿ ನಗುತ್ತಾಳೆ. ಅದೇ ವರ್ಷ ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡ ಓದುಗರು ಇಂಥ ಕಥೆಯನ್ನು ಅಲ್ಲಿಗೇ ಮಡಚಿಡುತ್ತಾರೆ. ಡಿಸೆಂಬರಿನಲ್ಲಿ ನಮ್ಮ ಕಥೆ ಓದುವವರಲ್ಲಿ ಅಂಥವರು ಇದ್ದೇ ಇರುತ್ತಾರೆ. ಅವರನ್ನು ಎದುರಿಗೆ ಕೂರಿಸಿಕೊಂಡು ಬರೆಯಬೇಕು, ತಿದ್ದಬೇಕು.

ಮೊದಲು ಒಂದು ಚೀಟಿ ಬರೆದುಕೊಳ್ಳಿ. ಯಾರು ಸತ್ತರು, ಎಷ್ಟು ದಿನವಾಯಿತು, ಮನೆಯ ಯಾವ ಕೆಲಸ ಅವರದಾಗಿತ್ತು. ಈ ಮೂರಕ್ಕೆ ಒಂದೊಂದು ಸಾಲಿನ ಉತ್ತರವಿಲ್ಲದೆ ಕಥೆ ಶುರು ಮಾಡಬೇಡಿ. ಎರಡನೆಯ ಪ್ರಶ್ನೆಯನ್ನು ಹಾರಿಸಿಬಿಡುವವರೇ ಹೆಚ್ಚು, ಕಥೆಯ ಸ್ವರ ತೀರ್ಮಾನವಾಗುವುದು ಅಲ್ಲೇ. ಸಾವಾಗಿ ಮೂರು ವಾರವಾಗಿದ್ದರೆ ಮನೆ ತುಂಬ ಜನ, ಸಹಿ ಹಾಕಬೇಕಾದ ಕಾಗದಗಳು. ದುಃಖ ಇನ್ನೂ ಒಳಗೆ ಇಳಿದಿರುವುದಿಲ್ಲ. ಹನ್ನೊಂದು ತಿಂಗಳಾಗಿದ್ದರೆ ಅದು ಅವರಿಲ್ಲದ ಮೊದಲ ಹಬ್ಬ, ಎಲ್ಲರೂ ಎಚ್ಚರಿಕೆಯಿಂದ ಮಾತಾಡುತ್ತಾರೆ. ಎರಡನೆಯ ವರ್ಷ ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಆ ಎರಡನೆಯ ಕ್ರಿಸ್‌ಮಸ್ಸೇ ಕಥೆಗೆ ಹೆಚ್ಚು ಒದಗುವ ಕಾಲ. ಸುತ್ತಲಿನವರು ಮುಗಿಯಿತು ಅಂದುಕೊಂಡಿರುತ್ತಾರೆ, ಪಾತ್ರಕ್ಕೆ ಮುಗಿದಿರುವುದಿಲ್ಲ.

ಮೂರನೆಯ ಉತ್ತರದಿಂದ ದೃಶ್ಯಗಳು ಹುಟ್ಟುತ್ತವೆ. ಈ ಹಬ್ಬದ ದಿನಾಂಕ ಬದಲಾಗುವುದಿಲ್ಲ. ಅದೇ ಡಬ್ಬಿ, ಅದೇ ನಕ್ಷತ್ರ, ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ಅದೇ ಗೋದಲಿ ಪ್ರತಿ ವರ್ಷ ಹೊರಬರುತ್ತವೆ. ಎಲ್ಲವೂ ಹೋದ ವರ್ಷದಂತೆಯೇ ನಡೆಯಬೇಕಾದ ಕಡೆ ಒಬ್ಬರ ಗೈರು ತಾನಾಗಿ ಕಾಣುತ್ತದೆ, ವರ್ಣಿಸಬೇಕಾಗಿಲ್ಲ. ಏಣಿ ಹತ್ತುತ್ತಿದ್ದವರು ಯಾರು, ಕೆಳಗೆ ನಿಂತು ಹಿಡಿಯುತ್ತಿದ್ದವರು ಯಾರು, ಗೋದಲಿಯ ಕುರಿಗಳಲ್ಲಿ ಕಾಲು ಮುರಿದದ್ದನ್ನು ಗೋಡೆಗೆ ಒರಗಿಸಿ ನಿಲ್ಲಿಸುವ ಉಪಾಯ ಯಾರಿಗೆ ಗೊತ್ತಿತ್ತು ಎಂದು ಕೇಳಿಕೊಳ್ಳಿ.

ಬಣ್ಣದ ಬಲ್ಬಿನ ಸರವನ್ನೇ ತೆಗೆದುಕೊಳ್ಳೋಣ. ಹಳೆಯ ಸರಗಳಲ್ಲಿ ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿರುತ್ತಾರೆ. ಒಂದು ಸಡಿಲವಾದರೂ ಇಡೀ ಸಾಲು ಆರುತ್ತದೆ. ಯಾವುದು ಸಡಿಲ ಎಂದು ನೋಡಿದರೆ ತಿಳಿಯುವುದಿಲ್ಲ, ಒಂದೊಂದನ್ನೇ ಒತ್ತಿ ನೋಡಬೇಕು. ಕಥೆಯಲ್ಲಿ ತೀರಿಕೊಂಡ ಅಪ್ಪನಿಗೆ ಅದು ಗೊತ್ತಿತ್ತು. ಪ್ಲಗ್ಗಿನ ಕಡೆಯಿಂದ ಎಣಿಸಿ ನೇರ ಅಲ್ಲಿಗೇ ಕೈ ಹಾಕುತ್ತಿದ್ದ. ಈಗ ಮಗ ನೆಲದ ಮೇಲೆ ಕೂತು ಮೊದಲ ಬಲ್ಬಿನಿಂದ ಶುರು ಮಾಡುತ್ತಾನೆ. ಹದಿನಾರನೆಯದಕ್ಕೆ ಬರುವ ಹೊತ್ತಿಗೆ ಹೆಬ್ಬೆರಳು ನೋಯುತ್ತಿದೆ. ಹದಿನೇಳನೆಯದರ ಬುಡಕ್ಕೆ ಸಣ್ಣಗೆ ಟೇಪು ಸುತ್ತಿದೆ, ಮಾಸಿದೆ, ಅಂಚು ಎದ್ದಿದೆ. ಅವನು ಅದನ್ನು ಒತ್ತುವುದಿಲ್ಲ, ಹಾಗೇ ನೋಡುತ್ತಾನೆ. ದೃಶ್ಯ ಇಷ್ಟೇ. ‘ಅಪ್ಪನ ನೆನಪು ಉಮ್ಮಳಿಸಿ ಬಂತು’ ಎಂಬ ಸಾಲು ಇದರ ಮುಂದೆ ಬಂದರೆ ಟೇಪಿನ ಬಲವೆಲ್ಲ ಹೋಗುತ್ತದೆ. ಟೇಪಿನ ಬಗ್ಗೆ ಎರಡು ವಾಕ್ಯ ಸಾಕು, ಮೂರನೆಯದು ಬೇಡ.

ಮೂರು ಸಾವಿರ ಪದಗಳ ಕಥೆಗೆ ಇಂಥ ಒಂದು ವಸ್ತು ಸಾಕಾಗುತ್ತದೆ. ಸರ, ಖಾಲಿ ಕುರ್ಚಿ, ಹಳೆಯ ಸ್ವೆಟರ್, ಬಿಚ್ಚದ ಉಡುಗೊರೆ ನಾಲ್ಕನ್ನೂ ತಂದರೆ ಒಂದರ ಭಾರವನ್ನು ಇನ್ನೊಂದು ಕಡಿಮೆ ಮಾಡುತ್ತದೆ. ಆರಿಸಿದ ಆ ಒಂದನ್ನು ಮೂರು ಸಲ ತನ್ನಿ. ಮೊದಲ ಐನೂರು ಪದಗಳೊಳಗೆ ಅದು ಬರೀ ತಾಪತ್ರಯವಾಗಿ ಬರಲಿ: ಗಂಟುಬಿದ್ದ ಸರ, ಕಾಲಿಗೆ ತೊಡರುತ್ತದೆ, ಅಷ್ಟೇ. ನಡುವೆ ಎಲ್ಲೋ ಪಾತ್ರ ಅದನ್ನು ಬೇಡವೆಂದು ಪಕ್ಕಕ್ಕೆ ಸರಿಸಲಿ. ಕೊನೆಯ ಐದನೇ ಒಂದು ಭಾಗದಲ್ಲಿ ಕೈಗೆತ್ತಿಕೊಳ್ಳಲಿ. ಆ ಮೊದಲ ಭೇಟಿ ತಪ್ಪಿದರೆ ಕೊನೆಯದು ಲೇಖಕರು ಹೊರಗಿನಿಂದ ತಂದಿಟ್ಟಂತೆ ಕಾಣುತ್ತದೆ.

ಇನ್ನು ಭಾಷೆಯ ವಿಷಯ. ಇಲ್ಲಿ ಕನ್ನಡ ನಮಗೆ ಕೊಡುವಷ್ಟನ್ನು ನಾವು ಬಳಸಿಕೊಳ್ಳುತ್ತಿಲ್ಲ ಎಂಬ ಕೊರಗು ನನಗಿದೆ. ‘ಇಲ್ಲ’ ಎಂಬ ಒಂದು ಪದವನ್ನು ನೋಡಿ. ಫೋನು ಬರುತ್ತದೆ. ‘ಅವರಿದ್ದಾರಾ?’ ‘ಇಲ್ಲ.’ ‘ಯಾವಾಗ ಸಿಗ್ತಾರೆ?’ ಮನೆಯಲ್ಲಿಲ್ಲ ಎನ್ನುವುದಕ್ಕೂ ಬದುಕಿಲ್ಲ ಎನ್ನುವುದಕ್ಕೂ ನಮ್ಮಲ್ಲಿ ಅದೇ ಪದ. ಆ ಎರಡನೆಯ ಪ್ರಶ್ನೆಗೆ ಹೆಂಡತಿ ಏನು ಹೇಳುತ್ತಾಳೆ ಎಂಬುದರಲ್ಲೇ ಅರ್ಧ ಕಥೆಯಿದೆ. ಹಾಗೆಯೇ ಸತ್ತರು, ತೀರಿಕೊಂಡರು, ಹೋಗಿಬಿಟ್ಟರು, ದೇವರ ಹತ್ತಿರ ಹೋದರು: ಯಾವ ಪಾತ್ರ ಯಾವ ಪದ ಬಳಸುತ್ತದೆ ಎಂದು ಮೊದಲೇ ನಿರ್ಧರಿಸಿ, ಕೊನೆಯವರೆಗೂ ಅದನ್ನೇ ಕೊಡಿ. ಕಥೆಯುದ್ದಕ್ಕೂ ‘ಹೋದಮೇಲೆ’ ಎನ್ನುತ್ತಿದ್ದವಳು ಒಂದು ಕಡೆ ‘ಸತ್ತಮೇಲೆ’ ಅಂದಳೆಂದರೆ ಓದುಗರಿಗೆ ತಕ್ಷಣ ತಟ್ಟುತ್ತದೆ. ಕಾಲಸೂಚಕ ಕ್ರಿಯಾಪದವೂ ಹಾಗೇ. ‘ಅವರಿಗೆ ಈ ಹಾಡು ಇಷ್ಟ’ ಎಂದು ಶುರು ಮಾಡಿ ‘ಇಷ್ಟವಾಗಿತ್ತು’ ಎಂದು ತಿದ್ದಿಕೊಳ್ಳುವ ಮಾತು ಒಂದು ಪುಟ ಅಳುವಿಗಿಂತ ಹೆಚ್ಚು ಹೇಳುತ್ತದೆ. ಒಂದೇ ಸಲ ಬಳಸಿ.

ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಸಿದ್ಧ ಮಾತುಗಳನ್ನು ಹುಡುಕಿ: ಗಂಟಲು ಬಿಗಿಯಿತು, ಕಣ್ಣು ತುಂಬಿ ಬಂತು, ಎದೆ ಭಾರವಾಯಿತು, ಶೂನ್ಯ ಆವರಿಸಿತು. ಇಡೀ ಕಥೆಯಲ್ಲಿ ಒಂದನ್ನು ಉಳಿಸಿಕೊಳ್ಳಬಹುದು. ಉಳಿದ ಕಡೆ ಆ ಹೊತ್ತಿನಲ್ಲಿ ಕೈಗಳು ಏನು ಮಾಡುತ್ತಿದ್ದವು ಎಂದು ಬರೆಯಿರಿ.

ದುಃಖಕ್ಕೆ ಐದು ಹಂತ ಎಂಬ ಲೆಕ್ಕ ಇಟ್ಟುಕೊಂಡು ಐದು ಭಾಗದ ಕಥೆ ಕಟ್ಟುವವರಿದ್ದಾರೆ. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ಮುಂದಿಟ್ಟದ್ದು ಸಾವಿಗೆ ಹತ್ತಿರವಾಗಿದ್ದ ರೋಗಿಗಳೊಂದಿಗೆ ಮಾತಾಡಿ. ಉಳಿದವರ ದುಃಖಕ್ಕೆ ಅದನ್ನು ಹಚ್ಚಿದ್ದು ಆಮೇಲೆ. ಕಥೆಗಾರರಿಗೆ ಇದಕ್ಕಿಂತ ಉಪಯೋಗವಾಗುವುದು ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ 1999ರಲ್ಲಿ ವಿವರಿಸಿದ ತೂಗಾಟ. ದುಃಖದಲ್ಲಿರುವವರು ಒಮ್ಮೆ ಅಗಲಿಕೆಯ ಕಡೆ ವಾಲುತ್ತಾರೆ, ಒಮ್ಮೆ ಬದುಕಿನ ಕೆಲಸಗಳ ಕಡೆ ವಾಲುತ್ತಾರೆ, ಮತ್ತೆ ಹಿಂತಿರುಗುತ್ತಾರೆ. ಇದನ್ನು ದೃಶ್ಯಗಳ ಜೋಡಣೆಗೆ ನೇರ ಬಳಸಬಹುದು. ಅಗಲಿಕೆಯನ್ನು ಎದುರಿಸುವ ದೃಶ್ಯದ ಬೆನ್ನಿಗೇ ಕೆಲಸದ ದೃಶ್ಯ ಇಡಿ: ಬ್ಯಾಂಕಿನ ಕಾಗದ, ಸೋರುವ ನಲ್ಲಿ, ಮಗುವಿನ ನಾಟಕಕ್ಕೆ ದೇವದೂತರ ರೆಕ್ಕೆ ಹೊಲಿಯುವುದು. ಸತತ ಎರಡು ದೃಶ್ಯ ಅಳುವಿನಲ್ಲಿದ್ದರೆ ಓದುಗರು ದೂರ ಸರಿಯುತ್ತಾರೆ. ದುಃಖದಲ್ಲಿರುವವರು ನಗುತ್ತಾರೆ, ಆಮೇಲೆ ನಕ್ಕದ್ದಕ್ಕೆ ಬೆಚ್ಚುತ್ತಾರೆ. ಆ ಬೆಚ್ಚುವಿಕೆ ಬಿಟ್ಟುಹೋಗದಿರಲಿ.

ಹಬ್ಬದ ಪಂಚಾಂಗ ಸರಿಯಾಗಿ ತಿಳಿದಿರಬೇಕು, ಇಲ್ಲವಾದರೆ ಅದನ್ನು ಆಚರಿಸುವ ಓದುಗರು ಮೊದಲ ಪುಟದಲ್ಲೇ ಹಿಡಿಯುತ್ತಾರೆ. ಕ್ರಿಸ್‌ಮಸ್ಸಿಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲಕ್ಕೆ (ಅಡ್ವೆಂಟ್) ನಾಲ್ಕು ಭಾನುವಾರ. ಮೊದಲನೆಯದು ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಯಾವಾಗಲಾದರೂ ಬೀಳಬಹುದು. 2023ರಲ್ಲಿ ನಾಲ್ಕನೆಯ ಭಾನುವಾರ ಡಿಸೆಂಬರ್ 24ರಂದೇ ಬಂದಿತ್ತು. ನಿಮ್ಮ ಕಥೆ ಇಂಥ ವರ್ಷದ್ದು ಎಂದಿದ್ದರೆ ಕ್ಯಾಲೆಂಡರ್ ತೆಗೆದು ನೋಡಿ. ಹಸಿರೆಲೆಗಳ ಬಳೆಯಲ್ಲಿ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದರಂತೆ ಹೆಚ್ಚು ಹಚ್ಚುತ್ತ ಹೋಗುವ ಕಡೆ, ಕೊನೆಯ ವಾರ ಅವು ಸಮ ಎತ್ತರ ಇರುವುದಿಲ್ಲ. ಮೊದಲ ಬತ್ತಿ ಮೋಟಾಗಿರುತ್ತದೆ, ನಾಲ್ಕನೆಯದು ಹೊಸದರಂತೆ ನಿಂತಿರುತ್ತದೆ. ನಾಲ್ಕೂ ಒಂದೇ ಎತ್ತರ ಎಂದು ಬರೆದರೆ ಚಿತ್ರ ನೋಡಿ ಬರೆದದ್ದು ಗೊತ್ತಾಗುತ್ತದೆ. ಆರ್ಥೊಡಾಕ್ಸ್ ಪಂಥದ ಕೆಲವು ಸಭೆಗಳಲ್ಲಿ (ಚರ್ಚುಗಳಲ್ಲಿ) ಕ್ರಿಸ್‌ಮಸ್ ಬರುವುದೇ ಜನವರಿ 7ಕ್ಕೆ. ಪಾತ್ರದ ಮನೆ ಯಾವ ಸಭೆಗೆ ಸೇರಿದ್ದು ಎಂಬುದೂ ಆ ಚೀಟಿಯಲ್ಲಿ ಇರಲಿ.

ಚಳಿ, ಕತ್ತಲೆ, ಹಿಮ ಇವನ್ನೇ ದುಃಖ ಎಂದುಕೊಳ್ಳುವ ಅಭ್ಯಾಸ ಬಿಡಬೇಕು. ಭೂಮಿಯ ದಕ್ಷಿಣಾರ್ಧದಲ್ಲಿ ಡಿಸೆಂಬರ್ ನಡುಬೇಸಿಗೆ. ಅಲ್ಲಿನ ವಿಧವೆ ಬೆವರುತ್ತ, ರಾತ್ರಿ ಎಂಟಾದರೂ ಆರದ ಬೆಳಕಿನಲ್ಲಿ ಕೂತಿರುತ್ತಾಳೆ, ಅವಳ ದುಃಖ ಕಡಿಮೆಯಾಗಿರುವುದಿಲ್ಲ. ಉತ್ತರಾರ್ಧದ ಕಥೆಯಾದರೆ ಡಿಸೆಂಬರ್ 21ರ ಸುಮಾರಿಗೆ ಬರುವ ವರ್ಷದ ಅತಿ ದೀರ್ಘ ರಾತ್ರಿ ಒಳ್ಳೆಯ ಕಾಲಬಿಂದು. ಹಲವು ಚರ್ಚುಗಳಲ್ಲಿ ಆ ಹೊತ್ತಿಗೆ, ಹಬ್ಬದ ಸಡಗರಕ್ಕೆ ಸೇರಲಾಗದವರಿಗೆಂದೇ, ಸದ್ದಿಲ್ಲದ ಪ್ರಾರ್ಥನೆ ನಡೆಯುತ್ತದೆ. ಕ್ರಿಸ್‌ಮಸ್ಸಿನ ಮೂಲ ಕಥನದಲ್ಲೂ ಸಾಂತ್ವನ ಬೇಡವೆಂದ ತಾಯಿಯೊಬ್ಬಳಿದ್ದಾಳೆ. ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯದ 18ನೇ ವಚನದಲ್ಲಿ ರಾಹೇಲಳು ಮಕ್ಕಳಿಗಾಗಿ ಅಳುತ್ತಾಳೆ. ಅರಸ ಹೆರೋದನು ಕೊಲ್ಲಿಸಿದ ಬೇತ್ಲೆಹೇಮಿನ ಆ ಮಕ್ಕಳ ಸ್ಮರಣೆಯನ್ನು ಪಾಶ್ಚಾತ್ಯ ಸಭೆಗಳು ಡಿಸೆಂಬರ್ 28ರಂದು, ಹಬ್ಬದ ಮೂರೇ ದಿನಕ್ಕೆ ಮಾಡುತ್ತವೆ. ಹಬ್ಬದಲ್ಲಿ ದುಃಖಕ್ಕೆ ಜಾಗವಿಲ್ಲ ಎನ್ನುವ ನೆಂಟರ ಪಾತ್ರಕ್ಕೆ ಉತ್ತರ ಅಲ್ಲಿದೆ.

ಭರವಸೆಗೆ ಬರೋಣ. ಭರವಸೆ ತೋರಿಸುವ ಕ್ರಿಯೆಗೆ ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ಪಾತ್ರ ಆ ಕ್ರಿಯೆಯನ್ನು ಕೈಯಿಂದ, ಒಂದು ನಿಮಿಷದೊಳಗೆ ಮಾಡಲು ಸಾಧ್ಯವೇ? ಮತ್ತು ಕಥೆಯ ಆರಂಭದಲ್ಲಿ ಅದನ್ನು ಮಾಡಲು ಅವಳಿಗೆ ಆಗುತ್ತಿರಲಿಲ್ಲವೇ? ಎರಡಕ್ಕೂ ಹೌದು ಎಂದಾದರೆ ಅದು ನಿಲ್ಲುತ್ತದೆ. ಹೊಸ ಪ್ರೇಮ, ಹುಟ್ಟಿದ ಮಗು, ಬಾಗಿಲು ತಟ್ಟಿದ ಅಪರಿಚಿತ, ದೊಡ್ಡವರಿಗೆ ಬುದ್ಧಿ ಹೇಳುವ ಆರು ವರ್ಷದ ಹುಡುಗಿ ಇವೆಲ್ಲ ಹೊರಗಿನಿಂದ ಬಂದವು. ಸತ್ತವರ ಪತ್ರ ಸಿಗುವುದು ಇನ್ನೂ ಅಪಾಯ. ಪತ್ರದಲ್ಲಿ ಎಲ್ಲ ಪ್ರಶ್ನೆಗೂ ಉತ್ತರವಿರುತ್ತದೆ, ಪಾತ್ರಕ್ಕೆ ಮಾಡಲು ಏನೂ ಉಳಿಯುವುದಿಲ್ಲ. ಪತ್ರ ಬೇಕೇ ಬೇಕಾದರೆ ಅದು ಅರ್ಧಕ್ಕೆ ನಿಂತಿರಲಿ, ಗ್ಯಾಸ್ ಬುಕ್ ಮಾಡುವಂಥ ಸಣ್ಣ ಸಂಗತಿಯ ಬಗ್ಗೆ ಇರಲಿ. ಹಾಡಿನ ಸಾಲುಗಳನ್ನೂ ಎತ್ತಿ ಹಾಕಬೇಡಿ. ಈಚಿನ ಹಾಡುಗಳಿಗೆ ಹಕ್ಕುಸ್ವಾಮ್ಯದ ತೊಡಕು ಒಂದು, ನೀವು ಓದುಗರ ಕಣ್ಣಲ್ಲಿ ನೀರು ತರಿಸಬೇಕಾದ ಕಡೆ ಆ ಕೆಲಸವನ್ನು ಹಾಡು ಮಾಡಿಬಿಡುತ್ತದೆ ಎಂಬುದು ಇನ್ನೊಂದು.

ಶುಭಾಶಯ ಪತ್ರದ ದೃಶ್ಯ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ವರ್ಷವರ್ಷ ಕೆಳಗೆ ಎರಡು ಹೆಸರು ಬರೆದ ಕೈ ತನ್ನ ಹೆಸರು ಬರೆದು, ರೂಢಿಯಿಂದ ‘ಮತ್ತು’ ಎಂದೂ ಬರೆದುಬಿಡುತ್ತದೆ. ಆ ಪತ್ರ ಡ್ರಾಯರಿಗೆ ಹೋಗುತ್ತದೆ. ಎಂಟು ಪುಟಗಳ ನಂತರ ಅವಳು ಅದನ್ನೇ ಹೊರತೆಗೆದು, ‘ಮತ್ತು’ ಅನ್ನು ಹೊಡೆದುಹಾಕದೆ, ಅದರ ಮುಂದೆ ಪತ್ರ ಸೇರಬೇಕಾದವರ ಮಗುವಿನ ಕುಶಲ ಕೇಳುವ ಒಂದು ಸಾಲು ಸೇರಿಸುತ್ತಾಳೆ. ನಷ್ಟ ತುಂಬಿಬರಲಿಲ್ಲ. ಪತ್ರ ಮಾತ್ರ ಹೊರಡುತ್ತದೆ.

ಇಂಥ ಕ್ರಿಯೆಯನ್ನು ಕೊನೆಯ ಸಾಲಿಗೆ ಇಡಬೇಡಿ. ಅದಾದ ಮೇಲೆ ನೂರೈವತ್ತು, ಇನ್ನೂರು ಪದ ಸಾಮಾನ್ಯ ಬದುಕು ಬರಲಿ: ಲಕೋಟೆಯ ಅಂಟು ಒಣಗಿದೆ, ನೀರು ಹಚ್ಚಬೇಕು; ಸ್ಟ್ಯಾಂಪು ಒಂದೇ ಉಳಿದಿದೆ. ಸಾವನ್ನು ತಿರುವಿಗಾಗಿ ಬಚ್ಚಿಡುವುದೂ ಬೇಡ, ಎರಡನೆಯ ಪ್ಯಾರಾದೊಳಗೆ ಓದುಗರಿಗೆ ತಿಳಿಯಲಿ. ಕೊನೆಯಲ್ಲಿ ಗೊತ್ತಾಗಿ ಬೆಚ್ಚಿಬೀಳುವಂತೆ ಮಾಡುವುದು, ಅದನ್ನು ಅನುಭವಿಸಿದವರ ವಿಷಯದಲ್ಲಿ, ಕ್ರೂರ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಡಿಸೆಂಬರ್ ಸಂಚಿಕೆಯ ಕಥೆಗಳನ್ನು ತಿಂಗಳುಗಳ ಮೊದಲೇ ಬರೆಯಬೇಕಾಗುವುದರಿಂದ ವಿವರಗಳು ಪೋಸ್ಟ್‌ಕಾರ್ಡಿನಿಂದ ಬಂದುಬಿಡುತ್ತವೆ. ಅದಕ್ಕೇ ಈ ಡಿಸೆಂಬರಿನಲ್ಲಿ ಟಿಪ್ಪಣಿ ಮಾಡಿಟ್ಟುಕೊಳ್ಳಿ. 24ರ ರಾತ್ರಿಗಿಂತ 26, 27ರ ಬೆಳಗ್ಗೆ ಹೆಚ್ಚು ಸಿಗುತ್ತದೆ. ನೆಂಟರು ಹೊರಟಿರುತ್ತಾರೆ, ಮೇಣ ಮೇಜಿನ ಬಟ್ಟೆಗೆ ಅಂಟಿರುತ್ತದೆ, ನಕ್ಷತ್ರವನ್ನು ಮೂವರು ಜ್ಞಾನಿಗಳ ಹಬ್ಬವಾದ ಜನವರಿ 6ರವರೆಗೆ ಬಿಡಬೇಕೋ ಈಗಲೇ ಇಳಿಸಬೇಕೋ ಎಂದು ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರು ಎಂದು ಬರೆದಿಟ್ಟುಕೊಳ್ಳಿ.