ತಲೆಗೆ ಎಣ್ಣೆ ಹಚ್ಚದೆ ಬನ್ನಿ

ಕೆನಡಾದ ಕ್ಯಾಲ್ಗರಿಯ ಲ್ಯಾಬ್‌ನಿಂದ ಬಂದ ಮೇಲ್‌ನ ಕೊನೆಯಲ್ಲಿ ಆ ಸಾಲಿತ್ತು. ತಲೆಗೆ ಸಣ್ಣ ಕರೆಂಟ್ ಕೊಟ್ಟರೆ ಸರ್ಜರಿಯ ಕೈಚಳಕ ಚೆನ್ನಾಗಿ ಕಲಿಯಬಹುದೇ ಅಂತ ನೋಡುವ ಪ್ರಯೋಗಕ್ಕೆ ನಾನು ಹೋಗಬೇಕಿತ್ತು. ಹಿಂದಿನ ರಾತ್ರಿಯಷ್ಟೇ ನಾನು ಅಮ್ಮ ಬಸವನಗುಡಿಯಿಂದ ಕಳಿಸಿದ್ದ ಕೊಬ್ಬರಿ ಎಣ್ಣೆ ತಿಕ್ಕಿಕೊಂಡಿದ್ದೆ. ಹೊರಗೆ ಮೈನಸ್ 20 ಡಿಗ್ರಿ. ನಸುಕಿಗೇ ಎದ್ದು ಎರಡು ಸಲ ಶಾಂಪೂ ಹಾಕಿ ತೊಳೆದೆ. ಎಣ್ಣೆ ಇದ್ದರೆ ಕರೆಂಟ್ ಸರಿಯಾಗಿ ಹರಿಯಲ್ಲ.

ಹೌದು, ಕರೆಂಟ್. ಹೆದರಬೇಡಿ, ಇದು ಶಾಕ್ ಟ್ರೀಟ್‌ಮೆಂಟ್ ಅಲ್ಲ. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಾಂಜನ್ನು ರಬ್ಬರ್ ಪಟ್ಟಿಯಿಂದ ತಲೆಗೆ ಕಟ್ಟುತ್ತಾರೆ. ಒಂದು, ಕೈ ಆಡಿಸುವ ಮಿದುಳಿನ ಭಾಗದ ಮೇಲೆ. ಇನ್ನೊಂದು ಹಣೆಯ ಮೇಲೆ. ಬ್ಯಾಟರಿಯಿಂದ ಒಂದೆರಡು ಮಿಲಿಆಂಪಿಯರ್, ಸುಮಾರು 20 ನಿಮಿಷ. ಹೀಗೆ ತಲೆಬುರುಡೆಯ ಹೊರಗಿಂದಲೇ ಮಿದುಳಿಗೆ ಸಣ್ಣ ಕರೆಂಟ್ ಕೊಡುವುದಕ್ಕೆ ಟಿಡಿಸಿಎಸ್ ಅಂತಾರೆ. ಅಷ್ಟು ಸಣ್ಣ ಕರೆಂಟ್ ನರಕೋಶವನ್ನು ತಾನಾಗಿ ಕೆಲಸಕ್ಕೆ ಎಬ್ಬಿಸಲಾರದು. ಎದ್ದು ಕೆಲಸ ಮಾಡುತ್ತಿರುವುದಕ್ಕೆ ಸ್ವಲ್ಪ ಹುರುಪು ಕೊಡುತ್ತದೆ, ಅಷ್ಟೇ. ಅದಕ್ಕೇ ಅದು ಹರಿಯುವಾಗಲೇ ಕೈಗೂ ಕೆಲಸ ಕೊಡುತ್ತಾರೆ.

ನನ್ನ ಮುಂದೆ ಒಂದು ಪೆಟ್ಟಿಗೆ. ಒಳಗೆ ಕ್ಯಾಮೆರಾ, ಕಣ್ಣು ಸ್ಕ್ರೀನ್ ಮೇಲೆ, ಎರಡೂ ಕೈಯಲ್ಲಿ ಗ್ರಾಸ್ಪರ್ ಅನ್ನುವ ಉದ್ದದ ಇಕ್ಕಳ. ಆರು ರಬ್ಬರ್ ತುಂಡುಗಳನ್ನು ಎಡಗೈಯಿಂದ ಎತ್ತಿ, ಗಾಳಿಯಲ್ಲೇ ಬಲಗೈಗೆ ದಾಟಿಸಿ, ಆಚೆಯ ಗೂಟಕ್ಕೆ ಹಾಕಬೇಕು. ಮತ್ತೆ ವಾಪಸ್. ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್‌ನಲ್ಲಿ, ಹೊಟ್ಟೆಯ ಮೇಲಿನ ಆ ತೂತೇ ಏತದ ಕಂಬ. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ತಲೆ ಇದನ್ನು ಒಂದೇ ದಿನದಲ್ಲಿ ಒಪ್ಪುತ್ತದೆ, ಕೈ ಒಪ್ಪೋಕೆ ತಿಂಗಳುಗಳು ಬೇಕು.

ಹೋಲಿಸಿ ನೋಡೋಕೆ ಕೆಲವರಿಗೆ ಮೊದಲ ಅರ್ಧ ನಿಮಿಷ ಮಾತ್ರ ಕರೆಂಟ್ ಬಿಟ್ಟು ನಿಲ್ಲಿಸುತ್ತಾರೆ. ಇರುವೆ ಹರಿದ ಹಾಗೆ ನೆತ್ತಿ ಅವರಿಗೂ ತುರಿಸಬಹುದು, ಹಾಗಾಗಿ ಯಾರಿಗೆ ಯಾವುದು ಅಂತ ಗೊತ್ತಾಗಲ್ಲ. ನನಗೆ ಸಿಕ್ಕಿದ್ದು ಯಾವುದು ಅಂತ ಹೇಳಲಿಲ್ಲ.

ಜನವರಿಯಲ್ಲಿ ಬೆಂಗಳೂರಿಗೆ ಬಂದಾಗ ಚಿಕ್ಕಮ್ಮನ ಮಗಳು ಸಿಂಧು ನೈಟ್ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೇ ಬಂದಳು. ಇಲ್ಲೇ ಎಂ.ಎಸ್. ಸರ್ಜರಿ ಓದುತ್ತಿದ್ದಾಳೆ. ಕಾಫಿ ಕುಡಿಯುವ ಮೊದಲೇ ಕೇಳಿದಳು: "ಅಕ್ಕಾ, ಆ ಮಿಷನ್ ಆನ್‌ಲೈನ್‌ನಲ್ಲಿ ಸಿಗುತ್ತಂತೆ. ತರಿಸಿಕೊಳ್ಳಲಾ?"

"ಬೇಡ ಕಣೆ" ಅಂದೆ. ಸ್ಪಾಂಜ್ ಒಣಗಿದರೆ ಚರ್ಮ ಸುಡಬಹುದು. ನಿಮ್ಹಾನ್ಸ್‌ನಲ್ಲೂ ಮಾನಸಿಕ ಕಾಯಿಲೆಗಳಿಗೆ ಈ ಕರೆಂಟ್ ಬಳಸುತ್ತಾರೆ, ಆದರೆ ಪರೀಕ್ಷೆ ಮಾಡಿ, ಪಕ್ಕದಲ್ಲೇ ಇದ್ದು. ಸರ್ಜರಿ ಕಲಿಕೆಯ ಪ್ರಯೋಗಗಳೆಲ್ಲ ಇನ್ನೂ ಚಿಕ್ಕವು. ಕ್ಯಾಲ್ಗರಿಯವರು 2017ರಲ್ಲಿ ಪ್ರಕಟಿಸಿದ್ದರಲ್ಲಿ ಇದ್ದದ್ದು 22 ವಿದ್ಯಾರ್ಥಿಗಳು. ಕರೆಂಟ್ ಪಡೆದವರು ಸಿಮ್ಯುಲೇಟರ್‌ನಲ್ಲಿ ಮಿದುಳಿನ ಗೆಡ್ಡೆಯನ್ನು ಜಾಸ್ತಿ ತೆಗೆದರು, ನಿಜ. ಆದರೆ ನನಗೆ ಹೆಚ್ಚು ಮುಖ್ಯ ಅನಿಸಿದ್ದು 2009ರ ಇನ್ನೊಂದು ಪ್ರಯೋಗ, ಸರ್ಜರಿಯದ್ದಲ್ಲ, ಬೆರಳಿನ ಚಳಕದ್ದು. ಅದರಲ್ಲಿ ಐದು ದಿನ ಅಭ್ಯಾಸದ ಜೊತೆ ಕರೆಂಟ್ ಕೊಟ್ಟರು. ಲಾಭ ಕಂಡದ್ದು ಅಭ್ಯಾಸದ ಹೊತ್ತಲ್ಲಿ ಅಲ್ಲ, ಮರುದಿನ ಬಂದು ಕೂತಾಗ. ಕಲಿತದ್ದು ಕೈಯಲ್ಲಿ ಉಳಿದಿತ್ತು. ಉಳಿಯಬೇಕಾದರೆ ಮೊದಲು ಕಲಿತಿರಬೇಕು, ಅಲ್ವಾ?

ಸಿಂಧು ಸುಮ್ಮನಾದಳು. ಆಮೇಲೆ ಮೆಲ್ಲಗೆ ಹೇಳಿದಳು: "ಆಪರೇಷನ್‌ನಲ್ಲಿ ನನ್ನ ಕೈಗೆ ಗ್ರಾಸ್ಪರ್ ಕೊಡೋದೇ ಇಲ್ಲ ಅಕ್ಕಾ. ವಾರವೆಲ್ಲ ಕ್ಯಾಮೆರಾ ಹಿಡಿದು ನಿಂತದ್ದೇ ಬಂತು." ಹೊಟ್ಟೆ ಚುರುಕ್ ಅಂತು. ನನಗೆ ಕ್ಯಾಲ್ಗರಿಯಲ್ಲಿ ಸಿಕ್ಕಿದ ದೊಡ್ಡ ವರ ಆ ಕರೆಂಟ್ ಅಲ್ಲ, ಯಾವ ಹೊತ್ತಿಗೆ ಬೇಕಾದರೂ ಹೋಗಿ ಕೂರಬಹುದಾದ ಆ ಪೆಟ್ಟಿಗೆ.

ಅಮ್ಮ ಪಕ್ಕದಲ್ಲೇ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಳು. ಕಣ್ಣು ಟಿವಿ ಮೇಲೆ. ಹೆಬ್ಬೆರಳು ಒತ್ತಿದರೆ ಬೇಳೆ ಬಟ್ಟಲಿಗೆ, ಸಿಪ್ಪೆ ತಟ್ಟೆಗೆ. ಸಿಂಧು ಅದನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಇಬ್ಬರೂ ಸೇರಿ ರಟ್ಟಿನ ಡಬ್ಬಿಗೆ ಎರಡು ತೂತು ಕೊರೆದೆವು. ಒಳಗೆ ಟಾರ್ಚ್, ಮೇಲೆ ಕಿಂಡಿ ಮಾಡಿ ನನ್ನ ಹಳೇ ಫೋನ್. ಓ.ಟಿ. ಸಿಸ್ಟರ್ ಕೊಟ್ಟಿದ್ದ ಸವೆದ ಗ್ರಾಸ್ಪರ್ ಜೋಡಿ ಅವಳ ಬ್ಯಾಗಲ್ಲೇ ಇತ್ತು. ದಾಟಿಸೋಕೆ ಅಮ್ಮನ ಅವರೆಕಾಳು. ಮೊದಲನೇದು ಜಾರಿತು. ಎರಡನೇದರ ಸಿಪ್ಪೆ ಹರಿಯಿತು.

ವಾಪಸ್ ಹೊರಟ ರಾತ್ರಿ ಏರ್‌ಪೋರ್ಟ್‌ನಲ್ಲಿ ಕೂತಿದ್ದಾಗ ಅವಳ ವಿಡಿಯೊ ಬಂತು. ಹತ್ತು ಕಾಳು ಎಡದಿಂದ ಬಲಕ್ಕೆ ದಾಟಿದ್ದವು. ಒಂದರ ಸಿಪ್ಪೆಯೂ ಹರಿದಿರಲಿಲ್ಲ.