ಜಾನ್ ಥಾಮ್ಸನ್ ಸತ್ತದ್ದರಿಂದ ದೊಡ್ಡವನಾದನೇ?

ಹಳೆಯ ಕಾಲದ ಫುಟ್‌ಬಾಲಿನ ಮಾತು ಬಂದಾಗಲೆಲ್ಲ ನಾನು ಗ್ಲಾಸ್ಗೋದ ಸೆಲ್ಟಿಕ್ ತಂಡದ ಗೋಲ್‌ಕೀಪರ್ ಜಾನ್ ಥಾಮ್ಸನ್‌ನ ಹೆಸರು ತೆಗೆಯುತ್ತೇನೆ. ಕೇಳಿದವರು ಮೊಬೈಲಿನಲ್ಲಿ ಹುಡುಕುತ್ತಾರೆ, 1931ರ ಅಪಘಾತದ ವಿವರ ಓದುತ್ತಾರೆ, ಕೂಡಲೇ ಪ್ರಶ್ನೆ ಎಸೆಯುತ್ತಾರೆ: ‘ಇಪ್ಪತ್ತೆರಡಕ್ಕೇ ಮೈದಾನದಲ್ಲಿ ಪೆಟ್ಟು ತಿಂದು ತೀರಿಕೊಂಡ ಹುಡುಗ. ಪಾಪ, ನಿಜ. ಆದರೆ ಶ್ರೇಷ್ಠ ಎನ್ನುವುದು ಸತ್ತವರಿಗೆ ನಾವು ತೋರಿಸುವ ರಿಯಾಯಿತಿ ತಾನೇ?’

ಖಂಡಿತ ಅಲ್ಲ. ಆ ಸಾವು ನಡೆಯಲೇ ಇಲ್ಲವೆಂದುಕೊಂಡು 1926ರಿಂದ 1931ರ ಬೇಸಿಗೆಯವರೆಗಿನ ಲೆಕ್ಕವನ್ನಷ್ಟೇ ನೋಡಿ, ಆಮೇಲೆ ಮಾತಾಡೋಣ ಎನ್ನುತ್ತೇನೆ.

ಹುಟ್ಟಿದ್ದು 1909ರ ಜನವರಿಯಲ್ಲಿ, ಬೆಳೆದದ್ದು ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಕಾರ್ಡೆಂಡೆನ್ ಎಂಬ ಕಲ್ಲಿದ್ದಲಿನ ಊರಿನಲ್ಲಿ. ಹದಿನಾಲ್ಕು ತುಂಬುತ್ತಲೇ ಅಪ್ಪನ ಜೊತೆ ಬೌಹಿಲ್ ಗಣಿಗೆ ಇಳಿದ. ಕಲ್ಲಿದ್ದಲು ಸಾಗಿಸುವ ಬಂಡಿಗಳ ಸರಪಳಿ ಕೊಂಡಿಗಳನ್ನು ಬಿಚ್ಚುವುದು ಅವನ ಕೆಲಸ. ಕೈ ಚುರುಕಿಲ್ಲದಿದ್ದರೆ ಬೆರಳು ಹೋಗುವ ಕೆಲಸವದು. ಬಿಡುವಿನಲ್ಲಿ ಊರಿನ ತಂಡಗಳಿಗೆ ಆಡುತ್ತಿದ್ದವನು ವೆಲ್ಲೆಸ್ಲಿ ಜೂನಿಯರ್ಸ್ ಸೇರಿದ. 1926ರಲ್ಲಿ ಸೆಲ್ಟಿಕ್‌ನ ಪ್ರತಿಭಾನ್ವೇಷಕ ಸ್ಟೀವ್ ಕ್ಯಾಲಹನ್ ಆ ತಂಡದ ಪಂದ್ಯವೊಂದಕ್ಕೆ ಬಂದದ್ದು ಎದುರಾಳಿಯ ಗೋಲ್‌ಕೀಪರನನ್ನು ನೋಡಲು. ನೋಡಿದ್ದು ಥಾಮ್ಸನ್‌ನನ್ನು. 10 ಪೌಂಡ್ ಕೊಟ್ಟು ಸೆಲ್ಟಿಕ್ ಅವನನ್ನು ತೆಗೆದುಕೊಂಡಾಗ ಅವನಿಗೆ ಹದಿನೇಳು.

ಮಗನಿಗೆ ಗಂಭೀರವಾಗಿ ಪೆಟ್ಟಾಗುವಂತೆ ಕನಸು ಕಂಡ ತಾಯಿ ಇದಕ್ಕೆ ಒಪ್ಪಿರಲಿಲ್ಲವಂತೆ. ಈ ಸಂಗತಿಯನ್ನು ಎಲ್ಲರೂ ಅಪಶಕುನದ ಧಾಟಿಯಲ್ಲಿಯೇ ಹೇಳುತ್ತಾರೆ. ಗಂಡನೂ ಮಗನೂ ದಿನಬೆಳಗಾದರೆ ಗಣಿಗೆ ಇಳಿಯುವ ಮನೆಯಲ್ಲಿ ಅಂಥ ಕನಸು ಬೀಳದಿದ್ದರೆ ತಾನೇ ಆಶ್ಚರ್ಯ!

ಸಿಕ್ಕಿದ್ದು ಅದೃಷ್ಟದಿಂದ ಎನ್ನಿ, ಒಪ್ಪುತ್ತೇನೆ. ಆಮೇಲಿನದು? ಮ್ಯಾನೇಜರ್ ವಿಲ್ಲಿ ಮೇಲಿ ಲಲ್ಲೆಗರೆಯುವ ಮನುಷ್ಯನಾಗಿರಲಿಲ್ಲ. ಆತ ಅನುಭವಿ ಪೀಟರ್ ಶೆವ್ಲಿನ್‌ನನ್ನು ಕೂರಿಸಿ, 1927ರ ಫೆಬ್ರುವರಿ 12ರಂದು ಡಂಡಿಯ ಡೆನ್ಸ್ ಪಾರ್ಕ್‌ನಲ್ಲಿ ಈ ಹುಡುಗನನ್ನು ಗೋಲಿನ ಮುಂದೆ ನಿಲ್ಲಿಸಿದ. ಸೆಲ್ಟಿಕ್ 2-1ರಿಂದ ಗೆದ್ದಿತು. ಎರಡು ತಿಂಗಳ ನಂತರ ಸ್ಕಾಟಿಷ್ ಕಪ್ ಫೈನಲ್. ಎದುರಾಳಿ ಈಸ್ಟ್ ಫೈಫ್, ಅವನದೇ ಸೀಮೆಯ ತಂಡ. 3-1ರ ಗೆಲುವು, ಹದಿನೆಂಟರ ಹುಡುಗನ ಕೈಯಲ್ಲಿ ಕಪ್ ವಿಜೇತನ ಪದಕ. ಮೂವತ್ತು ದಾಟಿದ ಮೇಲೆ ಮಾಗುವವರ ಸಂಖ್ಯೆಯೇ ಹೆಚ್ಚಿರುವ ಸ್ಥಾನದಲ್ಲಿ ಇದನ್ನು ಕರುಣೆಯ ಲೆಕ್ಕಕ್ಕೆ ಸೇರಿಸಲು ನಾನು ತಯಾರಿಲ್ಲ.

ಅವನ ಆಟದ ಬಗೆಯನ್ನೂ ಹೇಳಬೇಕು. ಗೋಲ್‌ಕೀಪರ್‌ಗೆ ಇಂದಿನ ರಕ್ಷಣೆಯಿಲ್ಲದ ಕಾಲ. ಚೆಂಡು ಹಿಡಿದು ನಿಂತವನಿಗೆ ಮುನ್ಪಡೆಯ ಆಟಗಾರ ಭುಜ ಕೊಟ್ಟು ಗುದ್ದಿದರೂ ನಿಯಮದ ಪ್ರಕಾರ ಸರಿಯೇ. ಹೀಗಾಗಿ ದೈತ್ಯ ದೇಹದವರೇ ಈ ಕೆಲಸಕ್ಕೆ ಲಾಯಕ್ಕು ಎಂಬ ನಂಬಿಕೆಯಿತ್ತು. ಥಾಮ್ಸನ್ ಆ ಅಳತೆಯವನಲ್ಲ. ಎತ್ತರದ ಕೊರತೆಯನ್ನು ಜಿಗಿತದಲ್ಲಿ ತುಂಬಿಕೊಂಡ, ತೂಕದ ಕೊರತೆಯನ್ನು ಎದೆಗಾರಿಕೆಯಲ್ಲಿ. ಒಂಟಿಯಾಗಿ ನುಗ್ಗಿ ಬರುವವನಿಗೆ ಗೋಲಿನ ಗೆರೆಯ ಮೇಲೆ ಕಾಯುತ್ತಾ ನಿಲ್ಲುವುದಿಲ್ಲ. ಮುಂದೆ ಓಡಿ, ಕಬಡ್ಡಿಯಲ್ಲಿ ದಾಳಿಗಾರನ ಕಣಕಾಲಿಗೆ ಬೀಳುವವನಂತೆ ತಲೆ ಮುಂದಾಗಿ ಕಾಲಿನ ಬುಡಕ್ಕೇ ಹಾರುವುದು. ಚೆಂಡಿಗೂ ಬೂಟಿಗೂ ನಡುವೆ ಅವನ ಕೈ, ಅದರ ಹಿಂದೆಯೇ ಮುಖ.

ಇದರ ಬೆಲೆಯನ್ನು ಅವನು ಮೊದಲೇ ಕಂಡಿದ್ದ. 1930ರ ಫೆಬ್ರುವರಿಯಲ್ಲಿ ಏರ್‌ಡ್ರಿ ತಂಡದ ವಿರುದ್ಧ ಹೀಗೆಯೇ ಹಾರಿದಾಗ ದವಡೆ ಮುರಿಯಿತು, ಪಕ್ಕೆಲುಬು ಮುರಿಯಿತು, ಎರಡು ಹಲ್ಲು ಹೋದವು. ಮೇ ತಿಂಗಳಲ್ಲಿ ನೋಡಿದರೆ ಅವನು ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ಕಾಟ್ಲೆಂಡ್ ಪರ ಮೊದಲ ಪಂದ್ಯ ಆಡುತ್ತಿದ್ದಾನೆ! ಆಟದ ಬಗೆ ಬದಲಾಗಿರಲಿಲ್ಲ.

ದೇಶದ ಪರ ಆಡಿದ್ದು ಒಟ್ಟು ನಾಲ್ಕು ಪಂದ್ಯ: ಫ್ರಾನ್ಸ್, ವೇಲ್ಸ್, ಉತ್ತರ ಐರ್ಲೆಂಡ್, ಇಂಗ್ಲೆಂಡ್. ಬಿಟ್ಟುಕೊಟ್ಟ ಗೋಲು ಒಂದೇ, ವೇಲ್ಸ್‌ಗೆ. 1931ರ ಮಾರ್ಚ್‌ನಲ್ಲಿ ಹ್ಯಾಂಪ್‌ಡೆನ್ ಪಾರ್ಕ್‌ನಲ್ಲಿ ಇಂಗ್ಲೆಂಡನ್ನು 2-0ರಿಂದ ಸೋಲಿಸಿದಾಗ ಗೋಲಿನಲ್ಲಿದ್ದವನು ಅವನೇ. ಮುಂದಿನ ತಿಂಗಳು ಮದರ್‌ವೆಲ್ ಎದುರು ಮರುಪಂದ್ಯದಲ್ಲಿ ಎರಡನೇ ಸ್ಕಾಟಿಷ್ ಕಪ್.

ಸೆಪ್ಟೆಂಬರ್ 5ರಂದು ಐಬ್ರಾಕ್ಸ್‌ನಲ್ಲಿ ರೇಂಜರ್ಸ್‌ನ ಸ್ಯಾಮ್ ಇಂಗ್ಲಿಷ್‌ನ ಕಾಲಿಗೆ ಹಾರಿದ್ದು, ಮೊಣಕಾಲು ತಲೆಗೆ ಬಡಿದದ್ದು, ಆ ರಾತ್ರಿಯೇ ಆಸ್ಪತ್ರೆಯಲ್ಲಿ ತೀರಿಕೊಂಡದ್ದು ನೀವು ಈಗಾಗಲೇ ಓದಿರುವ ಭಾಗ. ವಿಚಾರಣೆಯಲ್ಲಿ ಅದು ಅಪಘಾತವೆಂದೇ ತೀರ್ಮಾನವಾಯಿತು. ಇಂಗ್ಲಿಷ್‌ನ ಮೇಲೆ ಇಂದಿಗೂ ಅನುಮಾನ ಹೊರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಷ್ಟಾದರೂ ಅನುಕಂಪದ ವಾದ ಬಿಡದವರಿಗೆ ಮೇಲಿಯ ಮುಂದಿನ ಹೆಜ್ಜೆಯನ್ನು ತೋರಿಸುತ್ತೇನೆ. ಆ ಜಾಗ ತುಂಬಲು ಆತ ಕರೆಸಿದ್ದು ಅಟ್ಲಾಂಟಿಕ್‌ನ ಆಚೆಯವನನ್ನು: ಅದೇ ಬೇಸಿಗೆಯ ಅಮೆರಿಕ ಪ್ರವಾಸದಲ್ಲಿ ಸೆಲ್ಟಿಕ್ ವಿರುದ್ಧ ಆಡಿ ಕಣ್ಣಿಗೆ ಬಿದ್ದಿದ್ದ ಕೆನಡಾದ ಜೋ ಕೆನ್ನವೇ.