"ತೊಡೆ ಮೇಲೆ ಇಟ್ಕೋತೀನಿ ಬಿಡಮ್ಮ"

ಭಾನುವಾರದಿಂದ ಕಿವಿಯಲ್ಲಿ ಇದೊಂದೇ ಮಾತು: "ತೊಡೆ ಮೇಲೆ ಇಟ್ಕೋತೀನಿ ಬಿಡಮ್ಮ. ಮಗು ಥರ ನೋಡ್ಕೋತೀನಿ."

ನಾನು ಮಾಡಿಕೊಟ್ಟ ಕೇಕ್ ಒಯ್ಯಲು ಮಗನ ಜೊತೆ ಬಂದಿದ್ದ ಒಬ್ಬ ಅಮ್ಮನ ಮಾತು. ಅವರ ಮೊಮ್ಮಗಳ ಮೊದಲ ಹುಟ್ಟುಹಬ್ಬದ ಕೇಕ್. ಬೆಂಗಳೂರಿನಿಂದ ತುಮಕೂರಿಗೆ, ಸುಮಾರು 70 ಕಿಲೋಮೀಟರ್. ಕೆಳಗೆ 8 ಇಂಚು, ಮೇಲೆ 6 ಇಂಚು, ಒಂದೊಂದು ಅಂತಸ್ತೂ 4 ಇಂಚು ಎತ್ತರ, ಹೊರಗೆಲ್ಲ ಬಟರ್‌ಕ್ರೀಮ್. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಕಾಲಿಡುವ ಜಾಗದಲ್ಲಿಡಿ, ಅಲ್ಲಿ ಯಾರೂ ಕೂರಬೇಡಿ ಎಂದು ಹೇಳಿದ್ದೆ. ಮಗ ತಲೆಯಾಡಿಸಿದರು, ಅವರ ಗಮನವೆಲ್ಲ ಫೋನಿನ ಮೇಲಿತ್ತು. ಅಮ್ಮ ಬಾಕ್ಸ್ ಬಿಡಲೇ ಇಲ್ಲ.

ಎರಡು ಗಂಟೆ ಕಳೆದ ಮೇಲೆ ಫೋಟೋ ಬಂತು. ಮೇಲಿನ ಅಂತಸ್ತು ಬಿದ್ದಿರಲಿಲ್ಲ. ಕೆಳಗಿನದು ಮಾತ್ರ ಒಂದು ಕಡೆ ಉಬ್ಬಿ, ಕ್ರೀಮ್ ಜಾರಿ, ಬಾಕ್ಸಿನ ಗೋಡೆಗೆ ಮೆತ್ತಿಕೊಂಡಿತ್ತು. ಮೇಲಿನದು ಉಳಿದದ್ದು ಒಳಗಿನ ಕಡ್ಡಿಗಳಿಂದ. ಕೆಳಗಿನ ಕೇಕಿನೊಳಗೆ ನಾಲ್ಕು ಡೋವೆಲ್ ಕಡ್ಡಿ, ಮೇಲಿನ ಅಂತಸ್ತಿನ ಅಡಿಯ ಬೋರ್ಡಿನ ಅಂಚಿಗಿಂತ ಒಂದು ಇಂಚು ಒಳಕ್ಕೆ. ಮೊದಲನೆಯದನ್ನು ತಳದವರೆಗೆ ಚುಚ್ಚಿ, ಗುರುತು ಹಾಕಿ ಹೊರತೆಗೆದು, ಉಳಿದ ಮೂರನ್ನೂ ಅದೇ ಅಳತೆಗೆ ಕತ್ತರಿಸಬೇಕು. ಒಂದು ಕಡ್ಡಿ 2 ಮಿಲಿಮೀಟರ್ ಉದ್ದವಾದರೂ ಮೇಲಿನ ಅಂತಸ್ತು ವಾಲುತ್ತೆ. ಎಲ್ಲವೂ ಗಿಡ್ಡವಾದರೆ ಭಾರವೆಲ್ಲ ಕೇಕಿನ ಮೇಲೇ ಕೂತು ಪಕ್ಕದಲ್ಲಿ ಉಬ್ಬು ಬರುತ್ತೆ. ಆಮೇಲೆ ಪೆನ್ಸಿಲ್ ಥರ ಚೂಪು ಮಾಡಿದ 7 ಇಂಚಿನ ಇನ್ನೊಂದು ಕಡ್ಡಿ, ಮೇಲಿನಿಂದ ನಡುವೆ, ಅದರ ತುದಿ ಕೇಕಿನೊಳಗೆ ಹುದುಗುವಂತೆ ತಳದ ಬೋರ್ಡಿನವರೆಗೆ. ಮೇಲಿನ ಅಂತಸ್ತಿನ ಬೋರ್ಡಿಗೆ ಮೊದಲೇ ತೂತು ಮಾಡಿರಬೇಕು, ಇಲ್ಲದಿದ್ದರೆ ಕಡ್ಡಿ ಹೊಡೆಯುವಾಗ ಕೆಳಗಿನ ಕೇಕೇ ಕುಸಿಯುತ್ತೆ. ತಳಕ್ಕೆ ಡ್ರಮ್ ಬೋರ್ಡ್, ಅಂದರೆ 12 ಮಿಲಿಮೀಟರ್ ದಪ್ಪದ ಗಟ್ಟಿ ಬೋರ್ಡ್. ತೆಳು ಬೋರ್ಡ್ ಎತ್ತುವಾಗಲೇ ಬಾಗಿ ಕ್ರೀಮ್ ಬಿರುಕು ಬಿಡುತ್ತೆ.

ಇಷ್ಟೆಲ್ಲ ಮಾಡಿದರೂ ತೊಡೆಯ ಮುಂದೆ ಯಾವುದೂ ನಡೆಯಲ್ಲ. ಕಾರಿನ ಸೀಟು ಮಂಡಿ ಕಡೆ ಎತ್ತರ, ಸೊಂಟದ ಕಡೆ ತಗ್ಗು. ಆದ್ದರಿಂದ ಬಾಕ್ಸ್ ಹೊಟ್ಟೆ ಕಡೆ ವಾಲುತ್ತೆ. ಎರಡು ತೊಡೆಗಳ ನಡುವಿನ ಸಂದಿಯಲ್ಲಿ ರಟ್ಟಿನ ತಳ ಜಗ್ಗುತ್ತೆ. ಹಂಪ್ ಬಂದಾಗ ಕೈ ತಾನಾಗಿ ಬಾಕ್ಸನ್ನು ಅವುಚಿಕೊಳ್ಳುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಮೈಶಾಖ. ಬಟರ್‌ಕ್ರೀಮ್ 28 ಡಿಗ್ರಿ ಹತ್ತಿರವೇ ಸಡಿಲವಾಗುತ್ತೆ, ಮೈ 37 ಡಿಗ್ರಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಒಳಗಿನವರೆಗೂ ತಣ್ಣಗಾದ ಕೇಕ್ ಎರಡು ಗಂಟೆ ಎಸಿ ಕಾರಿನಲ್ಲಿ ಆರಾಮಾಗಿ ತಡೆಯುತ್ತೆ. ಆದರೆ ಯಾರದ್ದೋ ಹೊಟ್ಟೆಗೆ ಒತ್ತಿಕೊಂಡ ಪಕ್ಕ ತಡೆಯಲ್ಲ. ಮಗುವಾದರೆ ಕತ್ತು ಹೊರಳಿಸಿ ನಮ್ಮ ಜೊತೆ ಹೊಂದಿಕೊಳ್ಳುತ್ತೆ. ಕೇಕ್ ಹೊಂದಿಕೊಳ್ಳಲ್ಲ.

ಫೋನಿನಲ್ಲೇ ರಿಪೇರಿ ಹೇಳಿದೆ: ಮೊದಲು ಮುಟ್ಟಬೇಡಿ, ಬಾಕ್ಸ್ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಆಮೇಲೆ ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಒಂದೇ ದಿಕ್ಕಿಗೆ ಸವರಿ, ಆ ಬದಿ ಗೋಡೆಗೆ ತಿರುಗಿಸಿ. ಫಾಂಡೆಂಟಿನ (ಸಕ್ಕರೆ ಕಣಕದ) ಆನೆಮರಿ ಬೇರೆ ಡಬ್ಬಿಯಲ್ಲಿ ಹೋಗಿತ್ತು, ಪುಣ್ಯ. ಅದನ್ನು ಫ್ರಿಜ್ಜಿಗೆ ಇಡಲೇಬಾರದು, ಬೆವತು ಅಂಟಂಟಾಗಿ ಕಾಲು ಕುಸಿಯುತ್ತೆ. ತಲುಪಿದ ಮೇಲೆ ಕರಗಿಸಿದ ಚಾಕೊಲೇಟ್ ಒಂದು ಚಮಚ ಹಚ್ಚಿ ಕೂರಿಸಿದರೆ ಸಾಕು.

ಆದರೆ ತಲೆಯಲ್ಲಿ ಉಳಿದದ್ದು ಆ ಅಮ್ಮನ ಇನ್ನೊಂದು ಮಾತು. ಬಾಕ್ಸ್ ಎತ್ತಿಕೊಂಡು ಮೆಲ್ಲಗೆ ಕೇಳಿದ್ದರು: "ತಿನ್ನೋದನ್ನ ಕಾಲಿಡೋ ಕಡೆ ಇಡ್ತಾರೇನಮ್ಮ?" ಆಗ ನಾನು ಶಾಖ, ಇಳಿಜಾರು ಅಂತ ವಿವರಿಸುತ್ತಿದ್ದೆ. ಅವರು ಕೇಳಿದ್ದು ಬೇರೆಯೇ. ಅನ್ನದ ತಟ್ಟೆಗೆ ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯವರು. ಕಳಶ, ಆರತಿ ತಟ್ಟೆ, ಬಾಗಿನದ ಮೊರ, ಬೆಲೆಯುಳ್ಳದ್ದೆಲ್ಲ ಕೈಯಲ್ಲೇ ಹೋಗಬೇಕು ಎಂದು ಬೆಳೆದವರು. ಚಪ್ಪಲಿ ಬಿಡುವ ಜಾಗದಲ್ಲಿ ಮೊಮ್ಮಗಳ ಕೇಕ್ ಇಡು ಅಂದರೆ ಅವರಿಗೆ ಹೇಗನ್ನಿಸಿರಬೇಕು! ಅವರದ್ದು ಹಟ ಅಲ್ಲ. ಒಂದು ನಿಮಿಷ ಫೋನ್ ಕೆಳಗಿಟ್ಟು ಆ ಮಗನಾದರೂ ಅಮ್ಮನ ಮಾತು ಕೇಳಿಸಿಕೊಳ್ಳಬಹುದಿತ್ತು. ನಾನೂ ಕೇಳಿಸಿಕೊಳ್ಳಬೇಕಿತ್ತು.

ಡಿಕ್ಕಿಯಲ್ಲಿಟ್ಟರೆ ಈ ತೊಂದರೆ ಇಲ್ಲ ನಿಜ. ಆದರೆ ಹಲವು ಕಾರುಗಳ ಡಿಕ್ಕಿಗೆ ಎಸಿ ಗಾಳಿ ಹೋಗಲ್ಲ, ಮಧ್ಯಾಹ್ನ ಅದು ಒಲೆಯಂತೆ ಕಾಯುತ್ತೆ. ಹಾಗಾಗಿ ಈಗ ಕೇಕಿನ ಜೊತೆ ಒಂದು ಮಣೆ ಕಳಿಸುತ್ತಿದ್ದೇನೆ. 14 ಇಂಚಿನ, ಚಪ್ಪಟೆಯಾದ ಮರದ ಮಣೆ. ಕಾಲಿಡುವ ಜಾಗದಲ್ಲೇ, ಕೆಳಗೆ ಒಗೆದ ಬಟ್ಟೆ, ಅದರ ಮೇಲೆ ಡ್ರಾಯರಿಗೆ ಹಾಸುವ ಜಾರದ ರಬ್ಬರ್ ಮ್ಯಾಟು, ಮೇಲೆ ಮಣೆ, ಮಣೆಯ ಮೇಲೆ ಇನ್ನೊಂದು ತುಂಡು ಮ್ಯಾಟು, ಅದರ ಮೇಲೆ ಬಾಕ್ಸ್. ಕೇಕ್ ಇಡುವ 15 ನಿಮಿಷ ಮೊದಲೇ ಎಸಿ ಹಾಕಿರಬೇಕು. ನೆಲ ಇಳಿಜಾರಾಗಿದ್ದರೆ ತಗ್ಗಿನ ಕಡೆ ಬಟ್ಟೆಯನ್ನು ಇನ್ನೊಂದು ಮಡಿಕೆ ಮಾಡಿ ಸಮ ಮಾಡಿಕೊಳ್ಳಬಹುದು.

ನಿನ್ನೆ ಸಂಜೆ ಗೃಹಪ್ರವೇಶಕ್ಕೆ ಒಂದು ಕೇಕ್ ಹೋಯಿತು. ಆ ಮನೆಯ ಅಜ್ಜಿ ಬಗ್ಗಿ ಮಣೆ ನೋಡಿ, "ಓ, ಮಣೆ ಹಾಕಿದೀಯಾ" ಅಂದು ಹಿಂದಿನ ಸೀಟಿಗೆ ಹೋಗಿ ಕೂತರು.